ಅರ್ಜಿ ನಾವು ಬರೆದುಕೊಡುವುದು ಬೇಡ

(ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಊರ ಗ್ರಂಥಾಲಯದಲ್ಲಿ, ಮಕ್ಕಳ ನಾಗರಿಕ ಶಿಕ್ಷಣಕ್ಕೆ ಸ್ವಯಂಸೇವಕರಾಗಲು ಮುಂದೆ ಬಂದವರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಹಂಚಿನ ಮಾಡಿನ ಸದ್ದಿಗೆ ನನ್ನ ಸ್ವರ ಹಿಂದಿನವರಿಗೆ ಕೇಳದಿದ್ದರೆ ಕೈ ಎತ್ತಿ, ಸ್ವಲ್ಪ ಜೋರಾಗಿ ಹೇಳುತ್ತೇನೆ. ಕ್ಲಾಸಿನಲ್ಲಿ ಕೂಗಿ ಅಭ್ಯಾಸ ಉಂಟು.

ಚೆರ್ಕಳದಿಂದ ಬದಿಯಡ್ಕದ ಬಸ್ಸು ಹತ್ತಿದರೆ ದಾರಿಯಲ್ಲಿ ಎಡನೀರು ಸಿಗುತ್ತದೆ. ನಮಗೆಲ್ಲ ಅದು ಮಠದ ಊರು, ಯಕ್ಷಗಾನದ ಊರು. ಆದರೆ ದೇಶದಲ್ಲಿ ಎಲ್ಲೇ ಆಗಲಿ, ಕಾನೂನು ಓದುವ ಒಬ್ಬ ಹುಡುಗಿಯನ್ನು ಕೇಳಿ ನೋಡಿ. ಎಡನೀರು ಗೊತ್ತಿರಲಿಕ್ಕಿಲ್ಲ, ಅಲ್ಲಿ ಹಿಂದೆ ಇದ್ದ ಸ್ವಾಮಿಗಳ ಹೆಸರು ಮಾತ್ರ ಗೊತ್ತಿರುತ್ತದೆ. ಕೇಶವಾನಂದ ಭಾರತಿ ವರ್ಸಸ್ ಕೇರಳ ಸರಕಾರ. ಭೂಸುಧಾರಣೆ ಕಾನೂನಿನಲ್ಲಿ ಮಠದ ಜಾಗ ಹೋಗುತ್ತದೆ ಅಂತ 1970ರಲ್ಲಿ ಹಾಕಿದ ಕೇಸು ಅದು. ಸುಪ್ರೀಂ ಕೋರ್ಟಿನಲ್ಲಿ 13 ಮಂದಿ ನ್ಯಾಯಾಧೀಶರು ಒಟ್ಟಿಗೆ ಕೂತು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ಕ್ಕೆ ತೀರ್ಪು ಬಂತು. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ ಅಂತ ಹೇಳಿದರು. ಮಠಕ್ಕೆ ಜಾಗದ ಲೆಕ್ಕದಲ್ಲಿ ಹೇಳುವಂಥ ಲಾಭವೇನೂ ಆಗಲಿಲ್ಲ. ದೇಶಕ್ಕೆ ಆಯಿತು. ಹೀಗೂ ಆಗುತ್ತದೆ.

ಇದನ್ನು ಆ ದಾರಿಯಲ್ಲೇ ಬಸ್ಸಿನಲ್ಲಿ ಓಡಾಡುವ ಹೈಸ್ಕೂಲು ಮಕ್ಕಳ ಹತ್ತಿರ ಕೇಳಿದ್ದೇನೆ. ಮುಖ ಮುಖ ನೋಡಿಕೊಳ್ಳುತ್ತಾರೆ. ಅವರನ್ನು ಬೈಯುವ ಹಾಗಿಲ್ಲ. ಸಂವಿಧಾನ ಅಂದರೆ ದೆಹಲಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಪುಸ್ತಕ ಅಂತ ನಾವೇ ಹೇಳಿಕೊಟ್ಟಿದ್ದೇವೆ. ಬರೆದು ಮುಗಿದ ವರ್ಷ, ಬರೆಯಲು ಹಿಡಿದ ದಿನ, ಕರಡು ಸಮಿತಿಯ ಅಧ್ಯಕ್ಷರು ಯಾರು, ಇಷ್ಟು ಕಲಿತರೆ ಪರೀಕ್ಷೆಗೆ ಸಾಕು. ನಮ್ಮ ಊರಿನಿಂದ ಒಬ್ಬರು ಎದ್ದು ಸರಕಾರವನ್ನು ಪ್ರಶ್ನೆ ಮಾಡಿದ್ದರಿಂದ ಆ ಪುಸ್ತಕ ಓದುವ ರೀತಿಯೇ ಬದಲಾಯಿತು ಅನ್ನುವುದು ಪಾಠದೊಳಗೆ ಬರುವುದೇ ಇಲ್ಲ.

ಇವತ್ತು ಇಲ್ಲಿ ಕೂತವರಲ್ಲಿ ನಿವೃತ್ತ ಮಾಸ್ಟ್ರುಗಳಿದ್ದಾರೆ, ಬ್ಯಾಂಕಿನಲ್ಲಿ ಇದ್ದವರು, ಹೆಂಗಸರ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯವರು, ಕಾಲೇಜಿನ ಎನ್ನೆಸ್ಸೆಸ್ ಮಕ್ಕಳು, ಇಬ್ಬರು ವಕೀಲರೂ ಇದ್ದಾರೆ. ಸ್ವಯಂಸೇವಕರಾಗಿ ಏನು ಮಾಡಬೇಕು ಅಂತ ಕೇಳುತ್ತಿದ್ದೀರಿ. ಏನು ಮಾಡುವುದು ಬೇಡ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಭಾಷಣ ಬೇಡ. ಆಗಸ್ಟ್ 15, ಜನವರಿ 26, ನವೆಂಬರ್ 26ರ ಸಂವಿಧಾನ ದಿನ, ಜನವರಿ 25ರ ಮತದಾರರ ದಿನ, ಎಲ್ಲದಕ್ಕೂ ಭಾಷಣ ಉಂಟು. ಕ್ವಿಜ್ ಉಂಟು, ಪ್ರೈಜು ಉಂಟು, ಸ್ಟೀಲಿನ ಲೋಟ ಉಂಟು. ಅದಕ್ಕೆ ಇನ್ನಷ್ಟು ಜನ ಬೇಕಾಗಿಲ್ಲ.

ಹಾಗಂತ ಕಲಿಸುವ ಕೆಲಸ ಸಣ್ಣದು ಅಂತ ಹೇಳುವುದಲ್ಲ. 2023ರ ಜನವರಿಯಲ್ಲಿ ಕೊಲ್ಲಂ ಜಿಲ್ಲೆಯನ್ನು ದೇಶದ ಮೊದಲ ಸಂಪೂರ್ಣ ಸಂವಿಧಾನ ಸಾಕ್ಷರ ಜಿಲ್ಲೆ ಅಂತ ಘೋಷಿಸಿದರು. ಹತ್ತು ವರ್ಷ ದಾಟಿದ ಎಲ್ಲರಿಗೂ ಸಂವಿಧಾನದ ಮುಖ್ಯ ವಿಷಯ ತಲುಪಿಸುವುದು ಅಂತ ಹೊರಟಿದ್ದರು. ಕಲಿಸಿದ್ದು ಸ್ವಯಂಸೇವಕರು. ಅವರಿಗೆ ಸೆನೆಟರುಗಳು ಅಂತ ಹೆಸರು. ಅಷ್ಟು ದೊಡ್ಡ ಜಿಲ್ಲೆಯಲ್ಲಿ ಅದು ಸುಮ್ನೆ ಆಗುವ ಕೆಲಸ ಅಲ್ಲ, ನಾನು ಕೈಮುಗಿಯುತ್ತೇನೆ. ಆದರೆ ನನಗೆ ಅನ್ನಿಸುವುದು ಇಷ್ಟೇ. ತಿಳಿದದ್ದನ್ನು ಒಂದು ಸಲವಾದರೂ ಉಪಯೋಗಿಸಿ ನೋಡದಿದ್ದರೆ ಹತ್ತು ವರ್ಷದಲ್ಲಿ ಅದು ಮರೆತುಹೋಗುತ್ತದೆ. ಅದರಲ್ಲೂ ನಮ್ಮಂಥ ಗಡಿ ಊರಿನಲ್ಲಿ.

ಯಾಕೆ ಗಡಿ ಊರು ಅಂತ ಬೇರೆಯಾಗಿ ಹೇಳುತ್ತೇನೆ ಅಂದರೆ, ಇಲ್ಲಿನ ಮನೆಗಳನ್ನು ನೋಡಿ. ಅಜ್ಜಿಯ ಪೆನ್ಶನಿಗೆ ಮಸ್ಟರಿಂಗ್, ಅಂದರೆ ಬದುಕಿದ್ದಾರೆ ಅಂತ ದೃಢಪಡಿಸುವುದು, ಮಾಡಿಸಬೇಕು ಅಂತ ಮೊಬೈಲಿಗೆ ಮೆಸೇಜು ಬರುತ್ತದೆ, ಮಲಯಾಳದಲ್ಲಿ. ಓದಿ ಹೇಳುವುದು ಯಾರು? ಒಂಬತ್ತನೇ ಕ್ಲಾಸಿನ ಮೊಮ್ಮಗಳು. ಸರಕಾರಿ ಕೆಲಸಗಳನ್ನು ಆನ್‌ಲೈನಿನಲ್ಲಿ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಅಜ್ಜಿಯನ್ನು ಕರೆದುಕೊಂಡು ಹೋಗುವುದೂ ಅವಳೇ. ರೇಶನ್ ಕಾರ್ಡಿನಲ್ಲಿ ಅಮ್ಮನ ಹೆಸರು ತಪ್ಪಾಗಿದ್ದರೆ ಅದನ್ನು ಕಂಡುಹಿಡಿಯುವುದು ಅವಳು. ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಪ್ಲಾಸ್ಟಿಕ್ಕಿಗೆ ಬಂದಾಗ 50 ರೂಪಾಯಿ ಯಾಕೆ ಕೊಡಬೇಕು ಅಂತ ಅಜ್ಜ ಜಗಳ ತೆಗೆದರೆ ಸಮಾಧಾನ ಹೇಳುವುದೂ ಅವಳೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ, ಫಾರ್ಮಿನಲ್ಲಿ ಇಂಗ್ಲಿಷು. ಹದಿನಾಲ್ಕು ವರ್ಷದ ಮಗು ಆಗಲೇ ಮನೆಯ ಗುಮಾಸ್ತೆ ಆಗಿದೆ. ಅದಕ್ಕೆ ಸಂಬಳ ಇಲ್ಲ, ಟ್ರೈನಿಂಗೂ ಇಲ್ಲ.

ಇದೇ ಮಗು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಗ್ರಾಮಸಭೆಯ ಬಗ್ಗೆ ಕನ್ನಡದಲ್ಲಿ ಓದುತ್ತದೆ. ಗ್ರಾಮಸಭೆಯ ನೋಟೀಸು ಬರುವುದು ಮಲಯಾಳದಲ್ಲಿ. ಪಾಠ ಒಂದು ಕಡೆ, ಕೌಂಟರು ಇನ್ನೊಂದು ಕಡೆ. ಈ ನಡುವಿನ ಜಾಗದಲ್ಲಿ ಒಬ್ಬ ದೊಡ್ಡವರು ಜೊತೆಗೆ ನಿಲ್ಲಬೇಕು. ಸ್ವಯಂಸೇವಕರು ಬೇಕಾಗಿರುವುದು ಅಲ್ಲಿ. ಜೊತೆಗೆ ನಿಲ್ಲುವುದು ಅಂದರೆ ಆ ಮಗುವಿನ ಬದಲು ನಾವೇ ಕೆಲಸ ಮಾಡಿಕೊಡುವುದಲ್ಲ. ಇದು ಹೇಳಲು ಸುಲಭ. ಅರ್ಜಿ ಬರೆಯಲು ಗೊತ್ತಿದ್ದವರಿಗೆ, ಮುಖ್ಯವಾಗಿ ನಮ್ಮಂಥ ಟೀಚರುಗಳಿಗೆ, ಪೆನ್ನು ಕಿಸೆಯಲ್ಲೇ ಇಟ್ಟುಕೊಂಡು ಕೂರುವುದು ಬಹಳ ಕಷ್ಟ.

ಒಂದು ಸಂಗತಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಗುಂಪಿನ ಮಕ್ಕಳ ದಾರಿಯಲ್ಲಿ ಒಂದು ತೋಡು, ಅಂದರೆ ಸಣ್ಣ ಹಳ್ಳ ಉಂಟು. ಅದಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಬೇಸಿಗೆಯಲ್ಲಿ ತೋಡು ದಾಟಲು ಸಂಕವೇ ಬೇಡ. ಆಟಿ ತಿಂಗಳ ಜೋರು ಮಳೆಯಲ್ಲಿ ನೀರು ಸಂಕದ ಬುಡಕ್ಕೆ ಬರುತ್ತದೆ, ಮರ ಪಾಚಿ ಕಟ್ಟಿ ಜಾರುತ್ತದೆ, ಸಣ್ಣ ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ. ಮಕ್ಕಳೇ ಅರ್ಜಿ ಕೊಡೋಣ ಅಂದರು. ಮೊದಲು ಬರೆದುಕೊಂಡು ಬಂದದ್ದು ಹೀಗಿತ್ತು: ‘ಮಾನ್ಯ ಅಧ್ಯಕ್ಷರ ಸನ್ನಿಧಾನಕ್ಕೆ, ಬಡ ವಿದ್ಯಾರ್ಥಿಗಳಾದ ನಾವು ಕೈಮುಗಿದು ಬೇಡಿಕೊಳ್ಳುವುದೇನೆಂದರೆ, ನಮಗೊಂದು ಸಂಕ ಕಟ್ಟಿಸಿಕೊಟ್ಟು ಪುಣ್ಯ ಕಟ್ಟಿಕೊಳ್ಳಬೇಕು.’

ನಗು ಬಂತು, ನಗಲಿಲ್ಲ. ಈ ಧಾಟಿ ಅವರು ದೊಡ್ಡವರಿಂದಲೇ ಕಲಿತದ್ದು. ನಾನು ಕೆಂಪು ಪೆನ್ನು ತೆಗೆಯಲೂ ಇಲ್ಲ.

‘ಇದನ್ನು ಓದುವ ಕ್ಲರ್ಕಿಗೆ ಸಂಕ ಎಲ್ಲಿ ಅಂತ ಗೊತ್ತಾಗುತ್ತದಾ?’ ಅಂತ ಕೇಳಿದೆ.

‘ಮೆಂಬರಿಗೆ ಗೊತ್ತುಂಟಲ್ಲ ಟೀಚರೇ’ ಅಂದ ಒಬ್ಬ.

‘ಕ್ಲರ್ಕಿಗೆ?’

‘ಇಲ್ಲ.’

ಅಲ್ಲಿಂದ ಕೆಲಸ ಶುರುವಾಯಿತು. ವಾರ್ಡು ನಂಬ್ರ ಹಾಕಿದರು. ಯಾವ ರಸ್ತೆಯಿಂದ ಯಾವ ಕಡೆಗೆ ಹೋಗುವ ಕಾಲುದಾರಿ ಅಂತ ಬರೆದರು. ತೋಡಿನ ಅಗಲ ಎಷ್ಟು ಅಂತ ಕೇಳಿದ್ದಕ್ಕೆ ಬಾಳೆಹಗ್ಗ ಕಟ್ಟಿ ಅಳೆದುಕೊಂಡು ಬಂದರು. ಆಚೆ ಬದಿಯಲ್ಲಿ ಮನೆ ಎಷ್ಟು ಅಂತ ಲೆಕ್ಕ ಹಾಕಲು ಹೋದಾಗ ಅವರಿಗೇ ಗೊತ್ತಿಲ್ಲದ್ದು ಗೊತ್ತಾಯಿತು. ಬೆಳಿಗ್ಗೆ ಸೊಸೈಟಿಗೆ ಹಾಲು ಕೊಂಡುಹೋಗುವವರು ಆ ಸಂಕ ದಾಟುತ್ತಾರೆ. ಡಯಾಲಿಸಿಸ್ಸಿಗೆ ಹೋಗುವ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ದಾಟಿಸುತ್ತಾರೆ. ಆವರೆಗೆ ಅವರಿಗೆ ಅದು ಶಾಲೆಗೆ ಹೋಗುವ ದಾರಿ ಮಾತ್ರ ಆಗಿತ್ತು. ಅರ್ಜಿ ಎರಡನೇ ಸಲ ಬರೆಯುವಾಗ ಕುರ್ಚಿಯವರು ಮೊದಲು ಬಂದರು, ಮಕ್ಕಳು ಆಮೇಲೆ. ಹಾಗೆ ಮಾಡಿ ಅಂತ ನಾನು ಹೇಳಿರಲಿಲ್ಲ.

ಕೊನೆಗೆ ಒಬ್ಬಳು ಹುಡುಗಿ ಕೇಳಿದಳು, ‘ಪುಣ್ಯ ಕಟ್ಟಿಕೊಳ್ಳಬೇಕು ಅಂತ ಇರುವುದು ಇರಲಾ ಟೀಚರೇ?’

‘ಪಂಚಾಯತಿನ ದುಡ್ಡು ಯಾರದ್ದು?’ ಅಂದೆ.

ಸ್ವಲ್ಪ ಯೋಚನೆ ಮಾಡಿದಳು. ‘ಅಪ್ಪ ಮನೆತೆರಿಗೆ ಕಟ್ಟುತ್ತಾರೆ.’ ಮತ್ತೆ ತಾನೇ ಆ ಸಾಲಿಗೆ ಗೀಟು ಹಾಕಿದಳು.

ಅರ್ಜಿ ಕೊಡಲು ಹೋದದ್ದೂ ಅವರೇ. ನಾನು ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಫ್ರಂಟ್ ಆಫೀಸಿನಲ್ಲಿ ‘ಮಲಯಾಳದಲ್ಲಿ ಬರೆದು ತನ್ನಿ’ ಅಂದರಂತೆ. ಮಕ್ಕಳು ಓಡಿ ಬಂದು ನನ್ನ ಮುಖ ನೋಡಿದರು. ಸಂವಿಧಾನದ 350ನೇ ವಿಧಿಯನ್ನು ನಾವು ಮೊದಲೇ ಓದಿದ್ದೆವು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಯಾವ ಅಧಿಕಾರಿಗೂ ಅಹವಾಲು ಕೊಡಬಹುದು ಅಂತ ಅದರಲ್ಲಿ ಉಂಟು. ಕೇರಳದ 1969ರ ಆಡಳಿತ ಭಾಷೆ ಕಾನೂನಿನಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಇದೆ. ‘ನೀವು ಓದಿದ್ದನ್ನು ನೀವೇ ಹೇಳಿ, ಮೆತ್ತಗೆ ಹೇಳಿ’ ಅಂದೆ. ಹೇಳಿದರು. ಅಲ್ಲಿ ಕನ್ನಡ ಓದಲು ಬರುವವರು ಆವತ್ತು ರಜೆಯಲ್ಲಿದ್ದರು. ಅರ್ಜಿ ತೆಗೆದುಕೊಂಡರು, ಅದರಲ್ಲಿ ಏನಿದೆ ಅಂತ ಕೆಳಗೆ ಎರಡು ಸಾಲು ಮಲಯಾಳದಲ್ಲಿ ಬರೆದುಕೊಡಿ ಅಂದರು. ಮಕ್ಕಳು ಬರೆದುಕೊಟ್ಟರು. ಇದರಲ್ಲಿ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ನನಗೆ ಸರಿ ಅನ್ನಿಸಿತು. ಕನ್ನಡದಲ್ಲಿ ಅರ್ಜಿ ಕೊಡುವುದು ಹಕ್ಕು. ಮಲಯಾಳ ಕಲಿತಿರುವುದು ಲಾಭ. ಎರಡೂ ಬೇಕು ಅಂತ ಮಕ್ಕಳಿಗೆ ಮುಲಾಜಿಲ್ಲದೆ ಹೇಳಬೇಕು.

ರಸೀದಿ ಕೇಳಿ ತೆಗೆದುಕೊಳ್ಳುವುದು ಮಾತ್ರ ಮರೆಯಬಾರದು. ರಸೀದಿ ಇಲ್ಲದ ಅರ್ಜಿ ಕೊಡದೆ ಇದ್ದ ಹಾಗೆಯೇ.

ಉತ್ತರ ಬಂತು. ಆ ಕಾಲುದಾರಿ ಖಾಸಗಿಯವರ ಜಾಗದಲ್ಲಿ ಇದೆ, ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇಲ್ಲ, ಜಾಗದವರು ಬಿಟ್ಟುಕೊಟ್ಟರೆ ಮಾತ್ರ ಮುಂದೆ ನೋಡಬಹುದು ಅಂತ. ಈ ಒಂದು ಕಾಗದದಲ್ಲಿ ಒಂದು ಇಡೀ ಪಾಠ ಇದೆ ಮಾರಾಯ್ರೆ. ಸಾರ್ವಜನಿಕ ಅಂದರೆ ಏನು, ಖಾಸಗಿ ಅಂದರೆ ಏನು, ಪಂಚಾಯತು ಎಲ್ಲಿ ದುಡ್ಡು ಹಾಕಬಹುದು, ಎಲ್ಲಿ ಹಾಕಬಾರದು, ಯಾಕೆ. ಪುಸ್ತಕದಲ್ಲಿ ಇದು ಒಂದು ಸಾಲು ಸಿಗಬಹುದು. ಮಕ್ಕಳು ಜಾಗದವರ ಮನೆಗೆ ಹೋದರು. ಅವರು ಕಾಫಿ ಕೊಟ್ಟರು. ಕೊಟ್ಟು ಮೊದಲು ಕೇಳಿದ ಮಾತು: ‘ನಿಮ್ಮನ್ನು ಕಳಿಸಿದ್ದು ಯಾವ ಪಾರ್ಟಿಯವರು?’

ಈಗ ಈ ವಿಷಯಕ್ಕೆ ಬರಲೇಬೇಕು. ನಮ್ಮಲ್ಲಿ ಯಾವ ಜಂಕ್ಷನ್ನಿನಲ್ಲಿ ನಿಂತರೂ ಮೂರು ಪಕ್ಷಗಳ ಮೂರು ಬಣ್ಣದ ಬಾವುಟ ಕಾಣುತ್ತದೆ. ಇಲ್ಲಿ ಕೂತಿರುವ ನಿಮ್ಮಲ್ಲಿ ಯಾರು ಯಾವ ಪಕ್ಷ ಅಂತ ನನಗೆ ಗೊತ್ತು, ನನ್ನದು ನಿಮಗೆ ಗೊತ್ತು. ಪಕ್ಷ ಇಲ್ಲದವರು ಮಾತ್ರ ಸ್ವಯಂಸೇವಕರಾಗಬೇಕು ಅಂತ ಹೇಳಿದರೆ ಈ ಕೋಣೆ ಖಾಲಿ ಆಗುತ್ತದೆ. ಹಾಗೆ ಹೇಳುವುದು ಸರಿಯೂ ಅಲ್ಲ. ಪಕ್ಷದಲ್ಲಿ ಇರುವುದು ಕೂಡ ನಾಗರಿಕರ ಕೆಲಸವೇ. ನಾನು ಕೇಳುವುದು ಬೇರೆ. ಎದುರು ಪಕ್ಷದವರ ವಾದವನ್ನು ಅವರು ಮೆಚ್ಚುವ ಹಾಗೆ ಹೇಳಲು ನಿಮಗೆ ಬರುತ್ತದಾ? ಬರುತ್ತದೆ ಅಂದರೆ ಬನ್ನಿ. ಬರುವುದಿಲ್ಲ ಅಂದರೆ ಮೊದಲು ಅದನ್ನು ಕಲಿಯೋಣ.

ಇದಕ್ಕೆ ನಮ್ಮ ಊರಿನಲ್ಲೇ ಒಂದು ಶಾಲೆ ಉಂಟು, ತಾಳಮದ್ದಳೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಅರ್ಥ ಹೇಳುವುದು, ಅಂದರೆ ಪಾತ್ರದ ಪರವಾಗಿ ಮಾತಾಡುವುದು. ಇವತ್ತು ಕೃಷ್ಣನ ಅರ್ಥ ಹೇಳಿದವರು ನಾಳೆ ಕೌರವನ ಅರ್ಥ ಹೇಳುತ್ತಾರೆ, ಎರಡೂ ದಿನ ಸಭೆ ತಲೆದೂಗುತ್ತದೆ. ನಾವು ಇದನ್ನು ಮಕ್ಕಳ ಜೊತೆ ಮಾಡಿ ನೋಡಿದೆವು. ಪ್ರಸಂಗ ರಾಷ್ಟ್ರೀಯ ಹೆದ್ದಾರಿ 66. ಗಡಿಯ ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆ ಆದ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವುದೇ ದೊಡ್ಡ ಪ್ರಶ್ನೆ. ಒಬ್ಬ ಇಂಜಿನಿಯರು, ಒಬ್ಬ ಅಂಗಡಿಯವನು, ಒಬ್ಬಳು ಆಚೆ ಬದಿಯ ಶಾಲೆಗೆ ಹೋಗುವ ಹುಡುಗಿ, ಒಬ್ಬರು ಆಂಬುಲೆನ್ಸ್ ಡ್ರೈವರು. ಅರ್ಧ ಗಂಟೆ ಆದ ಕೂಡಲೇ ಪಾತ್ರ ಬದಲು. ಮೊದಲು ಇಂಜಿನಿಯರನ್ನು ಬಾಯಿಗೆ ಬಂದ ಹಾಗೆ ಬೈದ ಹುಡುಗ ಈಗ ಇಂಜಿನಿಯರು ಆಗಬೇಕು. ಅವನು ತಡವರಿಸಿದ. ಆಮೇಲೆ ವೇಗ, ಅಪಘಾತ, ಖರ್ಚು ಅಂತ ಒಂದೊಂದಾಗಿ ಹುಡುಕಿಕೊಂಡ. ಅವನ ಅಭಿಪ್ರಾಯ ಬದಲಾಗಲಿಲ್ಲ, ರಸ್ತೆಯ ಅಡಿಯಿಂದ ದಾಟುವ ಕೆಳದಾರಿ ಬೇಕು ಅಂತಲೇ ಹೇಳಿದ. ಆದರೆ ಈಗ ಅವನು ಬೈಯುತ್ತಿರಲಿಲ್ಲ, ವಾದ ಮಾಡುತ್ತಿದ್ದ. ಒಬ್ಬ ಭಾಗವತರು ಸಿಕ್ಕಿದರೆ ಪದ್ಯವನ್ನೂ ಸೇರಿಸಬಹುದು ಅಂತ ಆಸೆ ಇದೆ, ನೋಡೋಣ.

ಗ್ರಾಮಸಭೆಯ ವಿಷಯ. ಕೇರಳ ಪಂಚಾಯತ್ ರಾಜ್ ಕಾನೂನು 1994ರದ್ದು. ಅದರ ಪ್ರಕಾರ ಒಂದೊಂದು ವಾರ್ಡಿಗೂ ಒಂದೊಂದು ಗ್ರಾಮಸಭೆ. ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಕರೆಯುವ ಜವಾಬ್ದಾರಿ ಮೆಂಬರದ್ದು. ಸತತ ಎರಡು ಸಲ ಕರೆಯದಿದ್ದರೆ ಮೆಂಬರ್ ಸ್ಥಾನಕ್ಕೇ ಕುತ್ತು. ಕೋರಂ ಆಗಲು, ಅಂದರೆ ಸಭೆ ನಡೆಯಲು, ಮತದಾರರಲ್ಲಿ ಶೇಕಡಾ 10 ಮಂದಿ ಬೇಕು. 1996ರಲ್ಲಿ, ಊರಿನ ಯೋಜನೆಯನ್ನು ಊರಿನವರೇ ಮಾಡುವ ಜನಕೀಯ ಯೋಜನೆ ಶುರುವಾದಾಗ ರಾಜ್ಯದ ಯೋಜನಾ ದುಡ್ಡಿನಲ್ಲಿ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವುದು ಅಂತ ನಿರ್ಧಾರ ಆಯಿತು. ಬೇರೆ ರಾಜ್ಯದವರು ಬಂದು ನೋಡಿ ಹೋಗುವಂಥ ವ್ಯವಸ್ಥೆ ಇದು. ಅದರೊಳಗೆ ಕೂತಿರುವ ನಾವು ಏನು ಮಾಡುತ್ತೇವೆ? ಫಲಾನುಭವಿಗಳ ಪಟ್ಟಿ ಇದ್ದ ದಿನ ಹೋಗಿ, ಆಡಿಗೋ ತೆಂಗಿನ ಗೊಬ್ಬರಕ್ಕೋ ಫಾರ್ಮು ಕೊಟ್ಟು, ಸಹಿ ಹಾಕಿ, ಚಾ ಕುಡಿದು ಎದ್ದು ಬರುತ್ತೇವೆ. ಬಜೆಟ್ಟು ಓದುವಾಗ ಕುರ್ಚಿ ಮಾತ್ರ ಇರುತ್ತದೆ.

ಹದಿನೆಂಟು ಆಗದವರಿಗೆ ಅಲ್ಲಿ ಮತ ಇಲ್ಲ. ಮೆಂಬರಿಗೆ ಮೊದಲೇ ಒಂದು ಮಾತು ಹೇಳಿದರೆ ಹಿಂದೆ ಕೂತು ನೋಡಲು ಯಾರೂ ಬೇಡ ಅನ್ನುವುದಿಲ್ಲ. ಕುಟುಂಬಶ್ರೀಯ ಬಾಲಸಭೆ ಇದೆ, 5ರಿಂದ 18 ವರ್ಷದವರಿಗೆ. ಎಷ್ಟೋ ಕಡೆ ಅದು ಓಣಂ ಸಮಯದ ಆಟೋಟಕ್ಕೆ ಮಾತ್ರ ಎದ್ದೇಳುತ್ತದೆ. ಅಯಲ್‌ಕೂಟದ, ಅಂದರೆ ಕುಟುಂಬಶ್ರೀಯ ನೆರೆಹೊರೆ ಗುಂಪಿನ ಅಕ್ಕಂದಿರು ಇಲ್ಲಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಗಡಿಯ ಆಚೆ ಕರ್ನಾಟಕದಲ್ಲಿ ಪಂಚಾಯತುಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಲ್ಲಿ ಮಕ್ಕಳು ಅಧಿಕಾರಿಗಳ ಎದುರೇ ಎದ್ದು ನಿಂತು ಶಾಲೆಗೆ ಕಕ್ಕಸು ಇಲ್ಲ, ಬಸ್ಸು ಇಲ್ಲ ಅಂತ ಹೇಳುತ್ತಾರೆ. ನಮ್ಮ ಬಾಲಸಭೆಯನ್ನು ಅಷ್ಟಕ್ಕೆ ತರಲು ಹೊಸ ಕಾನೂನು ಬೇಕಾಗಿಲ್ಲ, ಜೊತೆಗೆ ಕೂರಲು ಇಬ್ಬರು ದೊಡ್ಡವರು ಸಾಕು.

ಮತದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಮಂಜೇಶ್ವರದ ಮಕ್ಕಳಿಗೆ ಒಂದು ಸಂಖ್ಯೆ ಸಾಕು: 89. 2016ರ ವಿಧಾನಸಭೆ ಚುನಾವಣೆಯಲ್ಲಿ ಇಲ್ಲಿ ಗೆಲುವಿನ ಅಂತರ ಅಷ್ಟೇ. ಮದುವೆ ಊಟದ ಒಂದು ಪಂಕ್ತಿಯಲ್ಲಿ ಅದಕ್ಕಿಂತ ಜಾಸ್ತಿ ಜನ ಕೂರುತ್ತಾರೆ. 2021ರಲ್ಲಿ ಅಂತರ 745. ಆ ಸಲ ಗೆದ್ದವರು ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಹದಿನೇಳು ದಾಟಿದವರು ಮತದಾರರ ಪಟ್ಟಿಗೆ ಈಗ ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ ಒಂದನೇ ತಾರೀಕುಗಳಲ್ಲಿ ಯಾವುದಕ್ಕೆ ಹದಿನೆಂಟು ತುಂಬುತ್ತದೋ ಆಗ ಹೆಸರು ಸೇರುತ್ತದೆ. ಒಂದು ವಿಷಯ ಮಾತ್ರ ಹೊಸಬರಿಗೆ ಯಾರೂ ಹೇಳುವುದಿಲ್ಲ. ಲೋಕಸಭೆ, ವಿಧಾನಸಭೆಯ ಪಟ್ಟಿ ಬೇರೆ. ಪಂಚಾಯತು ಚುನಾವಣೆಯ ಪಟ್ಟಿ ಬೇರೆ, ಅದು ರಾಜ್ಯ ಚುನಾವಣಾ ಆಯೋಗದ್ದು. ಒಂದರಲ್ಲಿ ಹೆಸರು ಇದ್ದರೆ ಇನ್ನೊಂದರಲ್ಲಿ ಇರುತ್ತದೆ ಅಂತ ನಂಬಿ ಬೂತಿಗೆ ಹೋಗಿ ವಾಪಸು ಬಂದವರು ಪ್ರತಿ ವಾರ್ಡಿನಲ್ಲೂ ಸಿಗುತ್ತಾರೆ. ಹೆಸರು ಇದೆಯಾ ಅಂತ ಎರಡೂ ಕಡೆ ಹುಡುಕಿಸಿ. ಪಂಚಾಯತಿಗೆ ನಿಲ್ಲಲು 21 ವರ್ಷ ಆದರೆ ಸಾಕು ಅಂತಲೂ ಹೇಳಿ. 2020ರಲ್ಲಿ ಆರ್ಯಾ ರಾಜೇಂದ್ರನ್ ತಿರುವನಂತಪುರದ ಮೇಯರ್ ಆದಾಗ ಅವರಿಗೆ 21.

ದೊಡ್ಡ ವಿಷಯಗಳನ್ನು ಮಕ್ಕಳ ಮುಂದೆ ತರಬಾರದು ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಎಣ್ಮಕಜೆ, ಪಡ್ರೆ, ಸ್ವರ್ಗ ಅನ್ನುವ ಊರುಗಳ ಮಕ್ಕಳ ಮುಂದೆ ಎಂಡೋಸಲ್ಫಾನ್ ಕೀಟನಾಶಕದ ಕತೆ ಮುಚ್ಚಿಡುವುದು ಹೇಗೆ? ಪಕ್ಕದ ಮನೆಯಲ್ಲೇ ಅದರ ನೋವು ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ನಾನು ಮಕ್ಕಳಿಗೆ ಹೇಳುವುದು ವಿಷದ ಕತೆಗಿಂತ ಜಾಸ್ತಿ ಕಾಗದದ ಕತೆ. ಕರುಗಳು ಊನವಾಗಿ ಹುಟ್ಟುವುದನ್ನು ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದರು. ಪಡ್ರೆಯ ವೈದ್ಯ ಮೋಹನ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳಲ್ಲಿ ಏನೋ ಸರಿ ಇಲ್ಲ ಅಂತ ಗಮನಿಸಿ ಬರೆದಿಟ್ಟರು. ಪೆರಿಯದಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಸಿಂಪಡಣೆಗೆ ಮೊದಲ ತಡೆ ಬಂದದ್ದು ಅಲ್ಲಿಂದ, ದೆಹಲಿಯಿಂದ ಅಲ್ಲ. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯವಾಗುವ ಹಾಗೆ ತಡೆ ಹಾಕಿದ್ದು 2011ರ ಮೇ 13ಕ್ಕೆ. ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಅಂತ 2017ರ ಜನವರಿಯಲ್ಲಿ ಹೇಳಿತು, ಮೂರು ತಿಂಗಳ ಗಡುವು ಕೊಟ್ಟು. 2022ರಲ್ಲಿ ಜನ ಮತ್ತೆ ಅದೇ ಕೋರ್ಟಿಗೆ ಹೋಗಬೇಕಾಯಿತು, ದುಡ್ಡು ಬಂದಿಲ್ಲ ಅಂತ. ಈ ತಾರೀಕುಗಳನ್ನು ಬೋರ್ಡಿನಲ್ಲಿ ಒಂದರ ಕೆಳಗೆ ಒಂದು ಬರೆದರೆ ಮಕ್ಕಳು ತಾವೇ ನಡುವಿನ ವರ್ಷಗಳನ್ನು ಲೆಕ್ಕ ಹಾಕುತ್ತಾರೆ. ನಾವು ಏನೂ ವ್ಯಾಖ್ಯಾನ ಮಾಡಬೇಕಾಗಿಲ್ಲ.

2020ರ ಮಾರ್ಚ್ ಕೂಡ ಹಾಗೆಯೇ. ಕೊರೋನ ಅಂತ ತಲಪಾಡಿ ಬಂದ್ ಆಯಿತು, ಗಡಿಯ ಒಳದಾರಿಗಳಿಗೆ ಕರ್ನಾಟಕದ ಕಡೆಯವರು ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ರೋಗಿಗಳು ದಾರಿಯಲ್ಲಿ ಸಿಕ್ಕಿಬಿದ್ದರು, ಜೀವವೂ ಹೋಯಿತು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ಬಿಡಿಸಿ ಅಂತ ಕೇಂದ್ರ ಸರಕಾರಕ್ಕೆ ಹೇಳಿತು. ಆಮೇಲೆ ಸುಪ್ರೀಂ ಕೋರ್ಟಿನ ಮುಂದೆ ರೋಗಿಗಳನ್ನು ಬಿಡುವ ಒಂದು ವ್ಯವಸ್ಥೆಗೆ ಒಪ್ಪಿಗೆ ಆಯಿತು. ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡುವ ಹಕ್ಕು ಅಂತ ಪುಸ್ತಕದಲ್ಲಿ ಓದಿದ ಮಗು, ಆ ಮಣ್ಣಿನ ರಾಶಿಯನ್ನು ಕಣ್ಣಾರೆ ನೋಡಿದೆ. ಅದು ಕೇಳುವ ಪ್ರಶ್ನೆಗೆ ಉತ್ತರ ಹೇಳಲು ನಮ್ಮ ವಕೀಲರು ಬೇಕು. ನಿಮ್ಮಿಬ್ಬರನ್ನು ಕರೆದದ್ದು ಅದಕ್ಕೇ.

ಇನ್ನು ಕೆಲವು ಚಿಲ್ಲರೆ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಶಾಲೆಯ ಹೆಡ್ಮಾಸ್ಟರ ಒಪ್ಪಿಗೆ, ಮನೆಯವರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಎಲ್ಲಿಗೂ ಕರೆದುಕೊಂಡು ಹೋಗಬೇಡಿ. ಒಬ್ಬರೇ ಯಾವತ್ತೂ ಹೋಗಬೇಡಿ, ಇಬ್ಬರು ಇರಲೇಬೇಕು. ಮಕ್ಕಳ ಫೋಟೋ ಸ್ಟೇಟಸ್ಸಿಗೆ ಹಾಕಬೇಡಿ. ಅರ್ಜಿ ಕೊಡುವಾಗ ಫೋಟೋ ತೆಗೆಸಿಕೊಳ್ಳುವ ಚಟ ಇದ್ದವರು ಇದಕ್ಕೆ ಬೇಡ. ಮಕ್ಕಳ ಮೇಲೆ ದೌರ್ಜನ್ಯದ ವಿಷಯ ಮಾತಿನ ನಡುವೆ ಹೊರಗೆ ಬಂದರೆ ನೀವೇ ಪಂಚಾಯಿತಿ ಮಾಡಲು ಹೋಗಬೇಡಿ, 1098ಕ್ಕೆ ಫೋನು ಮಾಡಿ. ಕಾನೂನು ಸೇವಾ ಪ್ರಾಧಿಕಾರದ ನಂಬ್ರ 15100. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ಸಹಾಯ ಉಚಿತ. ಇದು ನಮ್ಮ ಎಷ್ಟೋ ಅಮ್ಮಂದಿರಿಗೇ ಗೊತ್ತಿಲ್ಲ.

ಪ್ರಶ್ನೆ ಇದ್ದರೆ ಕೇಳಿ.

(ಒಬ್ಬರು ಅಮ್ಮ ಕೇಳಿದರು: ಮಕ್ಕಳು ಅರ್ಜಿ ಹಿಡಿದುಕೊಂಡು ತಿರುಗಿದರೆ ಮಾರ್ಕಿನ ಗತಿ ಎಂತದು ಟೀಚರೇ?)

ನ್ಯಾಯವಾದ ಪ್ರಶ್ನೆ. ಶನಿವಾರ ಒಂದೆರಡು ಗಂಟೆ, ಅದೂ ಎಲ್ಲ ಶನಿವಾರ ಅಲ್ಲ. ಜನವರಿ ಆದ ಮೇಲೆ ಹತ್ತನೇ ಕ್ಲಾಸಿನವರನ್ನು ಕರೆಯುವುದೇ ಇಲ್ಲ. ಮಾರ್ಕು ಜಾಸ್ತಿ ಬರುತ್ತದೆ ಅಂತ ನಾನು ಆಸೆ ತೋರಿಸುವುದಿಲ್ಲ. ಕಡಿಮೆ ಆದರೆ ನನ್ನನ್ನು ಕೇಳಿ.

(ಹಿಂದಿನ ಸಾಲಿನಿಂದ ಒಬ್ಬರು: ಇದು ಕನ್ನಡದ ಹೋರಾಟವಾ, ಅಲ್ಲವಾ, ಸರಿಯಾಗಿ ಹೇಳಿ.)

1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಬಡಗು ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗದ ವರದಿ 1967ರಲ್ಲಿ ಹೇಳಿತು. ಅದು ಆಗಲಿಲ್ಲ. ಇದರಲ್ಲಿ ನಿಮಗೊಂದು ಅಭಿಪ್ರಾಯ ಇದೆ, ನನಗೂ ಇದೆ. ಆದರೆ ನಮ್ಮ ಗುಂಪಿನಲ್ಲಿ ಮಲಯಾಳ ಮೀಡಿಯಮ್ಮಿನ ಮಕ್ಕಳೂ ಇದ್ದಾರೆ, ಅದೇ ಸಂಕ ಅವರೂ ದಾಟುತ್ತಾರೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನಪು ಮಾಡಿಕೊಳ್ಳಿ. ಕನ್ನಡದ ಹೋರಾಟಕ್ಕೆ ಅವರಿಗಿಂತ ದೊಡ್ಡ ಹೆಸರು ಇಲ್ಲಿ ಉಂಟಾ? ಅವರೇ ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು, ಕೇರಳದ ಪಂಚಾಯತಿನಲ್ಲೇ ಕೂತು ಊರಿನ ಕೆಲಸ ಮಾಡಿದರು. ಎರಡೂ ಒಬ್ಬರೇ ಮನುಷ್ಯರು ಮಾಡಬಹುದು.

(ಕಾಲೇಜಿನ ಹುಡುಗ: ಸಂಕ ಆಯಿತಾ?)

ಇಲ್ಲ. ಜಾಗದವರ ಮಗ ಗಲ್ಫಿನಲ್ಲಿ ಇದ್ದಾನೆ, ಅವನ ಸಹಿಯೂ ಬೇಕು. ರಜೆಯಲ್ಲಿ ಬಂದಾಗ ಕೊಡುತ್ತೇನೆ ಅಂದಿದ್ದಾನೆ. ಸಮ್ಮತಿ ಪತ್ರದ ಕರಡು ಮಕ್ಕಳು ಬರೆದಿಟ್ಟಿದ್ದಾರೆ. ಅದು ಸಿಕ್ಕಿದ ಮೇಲೂ ಪಂಚಾಯತು ಸುಮ್ಮನಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳುವುದು ಅಂತ ಅವರೇ ತೀರ್ಮಾನ ಮಾಡಿದ್ದಾರೆ. ಹತ್ತು ರೂಪಾಯಿ ಫೀಸು, ಕೋರ್ಟ್ ಫೀ ಸ್ಟಾಂಪು ಅಂಟಿಸಿದರೆ ಆಯಿತು, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಸ್ಟಾಂಪು ಎಲ್ಲಿ ಸಿಗುತ್ತದೆ ಅಂತ ನಾನು ಹೇಳಿಲ್ಲ, ಹುಡುಕಲಿ.

ಹೆಸರು ಕೊಡುವವರಿಗೆ ಲೈಬ್ರೇರಿಯನ್ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇವೆ. ಒಂದು ವಾರ್ಡಿಗೆ ಇಬ್ಬರು. ಕನ್ನಡ ಚೆನ್ನಾಗಿ ಬರುವವರು ಒಬ್ಬರು, ಮಲಯಾಳ ಓದಿ ಬರೆಯಲು ಬರುವವರು ಒಬ್ಬರು, ಸಾಧ್ಯವಾದರೆ ಇಬ್ಬರದ್ದೂ ಪಾರ್ಟಿ ಬೇರೆ ಬೇರೆ ಇರಲಿ. ಜೊತೆ ಸಿಗದವರು ಚಾ ಕುಡಿಯುವಾಗ ನನ್ನ ಹತ್ತಿರ ಬನ್ನಿ.